24 ಯಾರದ್ದು? ಅನುಪಾತದ ಲೆಕ್ಕಕ್ಕೆ ಸಹಾಯ ಬೇಕು

ರೆಡಿಂಗ್‌ನ ತಾಯಿ: ಎಲ್ಲರಿಗೂ ನಮಸ್ಕಾರ. ಮಗಳು ಇಲ್ಲಿ ಇಂಗ್ಲೆಂಡಿನಲ್ಲಿ ಇಯರ್ ಸಿಕ್ಸ್, ಅಂದರೆ ಪ್ರಾಥಮಿಕ ಶಾಲೆಯ ಕೊನೆಯ ವರ್ಷ. ಮೇ ತಿಂಗಳಲ್ಲಿ ಸ್ಯಾಟ್ಸ್ ಎಂಬ ಸರ್ಕಾರಿ ಪರೀಕ್ಷೆ. ಗುಣಾಕಾರ, ಭಾಗಾಕಾರ ಸಲೀಸು. ಅನುಪಾತ ಬಂದರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತಾಳೆ. ನಿನ್ನೆಯ ಲೆಕ್ಕ: ಅಕ್ಕ, ತಂಗಿಯ ಹಣ 5:3 ಅನುಪಾತದಲ್ಲಿದೆ. ಅಕ್ಕನ ಬಳಿ 24 ಪೌಂಡ್ ಹೆಚ್ಚು. ಇಬ್ಬರದೂ ಸೇರಿ ಎಷ್ಟು? ಇವಳು 24ನ್ನು 8ರಿಂದ ಭಾಗಿಸಿ, ಒಂದು ಭಾಗಕ್ಕೆ 3 ಎಂದಳು. ಐದು ಎಕ್ಸ್‌ನಲ್ಲಿ ಮೂರು ಎಕ್ಸ್ ಕಳೆ ಎಂದೆ. "ಎಕ್ಸ್ ಅಂದರೆ ಯಾರಮ್ಮಾ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಲೆಸ್ಟರ್‌ನ ಹಿರಿಯರು: ಮೊದಲು 20ರವರೆಗೆ ಮಗ್ಗಿ ಬಾಯಿಪಾಠ ಮಾಡಿಸಮ್ಮ. ನಮ್ಮ ಮನೆಯಲ್ಲಿ ಹದಿನೆಂಟರ ಮಗ್ಗಿ ಒಪ್ಪಿಸಿದ ಮೇಲೆಯೇ ತಟ್ಟೆ ಹಾಕುತ್ತಿದ್ದರು.

ಸ್ಲೌನಿಂದ: ಮಗ್ಗಿಯ ತೊಂದರೆ ಅಲ್ಲ, ಸರ್. 24 ಮೊತ್ತವಲ್ಲ, ವ್ಯತ್ಯಾಸ. ಮಗು ಎಡವಿದ್ದು ಅಲ್ಲಿ. ಚೌಕದ ಹಾಳೆಯಲ್ಲಿ ಅಕ್ಕನಿಗೆ ಐದು ಮನೆ ಬರೆಯಿರಿ, ಅದರ ಕೆಳಗೆ ತಂಗಿಗೆ ಮೂರು. ಅಕ್ಕನ ಸಾಲಿನಲ್ಲಿ ಎರಡು ಮನೆ ಮುಂದಕ್ಕೆ ಚಾಚಿಕೊಳ್ಳುತ್ತವೆ. 24 ಆ ಎರಡು ಮನೆಗಳದ್ದು. ಒಂದಕ್ಕೆ 12, ಎಂಟಕ್ಕೆ 96. ತಾಳೆ ನೋಡಿ: 60, 36. ಇಲ್ಲಿನ ಶಾಲೆಗಳು ಇದನ್ನು ಬಾರ್ ಮಾಡೆಲ್ ಎನ್ನುತ್ತವೆ, ಸಿಂಗಪುರದ ಕ್ರಮ. ಎಕ್ಸ್ ಯಾರು ಎಂದರೆ ಆ ಒಂದು ಮನೆ, ಅಷ್ಟೇ.

ಬರ್ಮಿಂಗ್‌ಹ್ಯಾಮ್‌ನಿಂದ: ಕ್ಷಮಿಸಿ, ಮೂಲ ತಪ್ಪು ಬೇರೆಯೇ ಇದೆ. ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ. ಮಗು ನಡುವೆ ಸಿಕ್ಕಿಕೊಂಡಿದೆ. ಲೆಕ್ಕಕ್ಕೆ ಒಂದೇ ಭಾಷೆ ಇರಲಿ. ನನ್ನ ಇಬ್ಬರು ಮಕ್ಕಳೂ ಪ್ರವೇಶ ಪರೀಕ್ಷೆ ಗೆದ್ದು ಗ್ರಾಮರ್ ಶಾಲೆಗೆ ಹೋದದ್ದು ಹೀಗೆಯೇ.

ಮಿಲ್ಟನ್ ಕೀನ್ಸ್‌ನಿಂದ: ಕನ್ನಡದಿಂದ ಗೊಂದಲವೇ? ಅಮೋಘವರ್ಷನ ಕಾಲಕ್ಕೇ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಮೂರು ಸಂಖ್ಯೆಯಿಂದ ನಾಲ್ಕನೆಯದನ್ನು ಕಂಡುಹಿಡಿಯುವ ತ್ರೈರಾಶಿಕ ನಮಗೆ ಇಂಗ್ಲಿಷಿನವರು ಕಲಿಸಬೇಕೇ?

ಬರ್ಮಿಂಗ್‌ಹ್ಯಾಮ್‌ನಿಂದ: ಅದು ಸಂಸ್ಕೃತದಲ್ಲಿದೆ.

ಮಿಲ್ಟನ್ ಕೀನ್ಸ್‌ನಿಂದ: 12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಬರೆದಿದ್ದಾನೆ. ಅದಕ್ಕೇನು ಹೇಳುತ್ತೀರಿ?

ಬರ್ಮಿಂಗ್‌ಹ್ಯಾಮ್‌ನಿಂದ: ಸಂತೋಷ. ನಿಮ್ಮ ಮಗ ಕನ್ನಡದಲ್ಲಿ ಎಷ್ಟರವರೆಗೆ ಎಣಿಸುತ್ತಾನೆ?

ಮಿಲ್ಟನ್ ಕೀನ್ಸ್‌ನಿಂದ: ನನ್ನ ಮಗನ ಸುದ್ದಿ ಇಲ್ಲಿ ಬೇಡ.

ಗ್ಲಾಸ್ಗೋದಿಂದ: ಜಗಳದ ನಡುವೆ ಒಂದು ಮಾತು. ಹೊತ್ತಾಯಿತೆಂದು ಮಗನ ಹೋಂವರ್ಕ್ ನಾನೇ ಮುಗಿಸಿ, ಉತ್ತರ ನಕಲು ಮಾಡಿಕೋ ಎನ್ನುತ್ತಿದ್ದೆ. ಬೆಳಗ್ಗೆ ಆರರ ಪಾಳಿ ಇರುತ್ತಿತ್ತು. ಈಗ ಅವನಿಗೆ ಇಪ್ಪತ್ತಾರು. ಫೋನಿನಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ, ಅದೂ ಚಿಕ್ಕದು. ನೀವು ಪಕ್ಕದಲ್ಲಿ ಕುಳಿತಿದ್ದೀರಲ್ಲ, ಅದನ್ನು ಬಿಡಬೇಡಿ.

ರೆಡಿಂಗ್‌ನ ತಾಯಿ: ಸ್ಲೌನವರಿಗೆ ವಂದನೆಗಳು. 96 ಬಂತು! ದೋಸೆಗೆ ನೆನೆಹಾಕುವಾಗ ಇನ್ನೊಂದು ಕೊಟ್ಟೆ: ಅಕ್ಕಿ, ಉದ್ದು 3:1, ಅಕ್ಕಿ 4 ಲೋಟ ಹೆಚ್ಚಿದ್ದರೆ ಎರಡೂ ಎಷ್ಟೆಷ್ಟು? ಮನೆಗಳನ್ನು ತಾನೇ ಬರೆದು, ಆರು ಮತ್ತು ಎರಡು ಎಂದಳು. ಮೆಂತ್ಯಕ್ಕೆ ಮನೆ ಇಲ್ಲವೇ ಎಂದು ಬೇರೆ ಕೇಳಿದಳು. ಆದರೆ ಈಗ ಹೊಸ ತಕರಾರು: ಎರಡಕ್ಕೂ ಒಂದೊಂದು ಲೋಟ ಸೇರಿಸಿದರೆ ಅನುಪಾತ ಬದಲಾಗುವುದಿಲ್ಲ, ಎರಡೂ ಕಡೆ ಸಮನಾಗಿ ಸೇರಿಸಿದ್ದೇವಲ್ಲ ಎನ್ನುತ್ತಾಳೆ. ಹೇಗೆ ಬಿಡಿಸಿ ಹೇಳಲಿ?

ಲೆಸ್ಟರ್‌ನ ಹಿರಿಯರು: ಮಗ್ಗಿ ಶುರುವಾಯಿತೇ?