ಓದುಗರ ಸ್ಪಂದನ: ಎದೆ ಢವಢವ ಅಂದರೆ ಅನ್ನಲಿ, ಹಾಡು ಶುರುಮಾಡು

ಸಮಸ್ಯೆ: ಮುಂದಿನ ತಿಂಗಳು ಮೈಸೂರಿನ ವೀಣೆ ಶೇಷಣ್ಣ ಭವನದಲ್ಲಿ ನನ್ನ ಮೊದಲ ಕಛೇರಿ, ಒಂದು ಗಂಟೆ ಹಾಡುಗಾರಿಕೆ. ಮನೆಯಲ್ಲಿ ಸಲೀಸಾಗಿ ಹಾಡುತ್ತೇನೆ. ನಾಲ್ಕು ಜನ ಎದುರು ಕೂತರೆ ಎದೆ ಢವಢವ, ಬಾಯಿ ಒಣಗುತ್ತದೆ, ಕೈ ತಣ್ಣಗಾಗುತ್ತದೆ. ಈ ಭಯ ಹೋಗಲಾಡಿಸುವುದು ಹೇಗೆ?
– ವಿದ್ಯಾರ್ಥಿನಿ, ಮಂಡ್ಯ

ಮಗಳೇ, ಸಭಾಕಂಪ ಬಂದಾಗ ಮೊದಲು ಕೆಡುವುದು ಶ್ರುತಿಯಲ್ಲ, ಕಾಲಪ್ರಮಾಣ, ಅಂದರೆ ಹಾಡಿನ ವೇಗ. ಎದೆಬಡಿತ ಏರಿದ ಹಾಗೆ ತಾಳ ಹಾಕುವ ಕೈಯೂ ಓಡುತ್ತದೆ. ಕಛೇರಿ ಶುರುಮಾಡುವ ವರ್ಣದ ಎರಡನೇ ಕಾಲಕ್ಕೆ, ಅಂದರೆ ದುಪ್ಪಟ್ಟು ವೇಗಕ್ಕೆ, ಬರುವಷ್ಟರಲ್ಲಿ ಉಸಿರು ಸಾಲದು, ಸಾಲಿನ ಕೊನೆಯ ಸ್ವರ ಇಳಿದುಬಿಡುತ್ತದೆ. ಕೇಳುವವರು ‘ಶ್ರುತಿ ಹೋಯಿತು’ ಅನ್ನುತ್ತಾರೆ, ತಪ್ಪಿನ ಬೇರು ತಾಳದಲ್ಲಿರುತ್ತದೆ.

ಮೊದಲು ನಿನ್ನ ವರ್ಣದ ಸಹಜ ವೇಗವನ್ನು ತಾಳದ ಬಡಿತ ಕೊಡುವ ಮೆಟ್ರೊನೋಮ್‌ನಲ್ಲಿ ಗುರುತುಮಾಡಿಕೊ, ನಿಮಿಷಕ್ಕೆ 66 ಬಡಿತ ಅಂತಿಟ್ಟುಕೊ. ಎರಡು ಮಹಡಿ ಮೆಟ್ಟಿಲು ಬಿರಬಿರನೆ ಹತ್ತಿ ಇಳಿದು, ಕೂತ ಕೂಡಲೇ ಬರೀ ತಂಬೂರಿಯ ಶ್ರುತಿಗೆ ವರ್ಣ ಎತ್ತಿಕೊ. ಫೋನಿನಲ್ಲಿ ರೆಕಾರ್ಡ್ ಮಾಡಿ ಆಮೇಲೆ ಅಳೆ. 76ಕ್ಕೆ ಹೋಗಿದ್ದರೆ ವೇದಿಕೆಯಲ್ಲೂ ಹಾಗೇ ಆಗುತ್ತದೆ. ಮದ್ದು ಇಷ್ಟೆ: ಪಲ್ಲವಿಯ ಒಂದು ಆವರ್ತ (ತಾಳದ ಒಂದು ಸುತ್ತು) ಮನಸ್ಸಿನಲ್ಲೇ ಹಾಡಿಕೊಂಡು, ಅದಕ್ಕಿಂತ ಒಂದು ಎಳೆ ನಿಧಾನವಾಗಿ ಬಾಯಿ ತೆರೆ. ಏದುಸಿರಿನಲ್ಲೇ ಇದು ಹಿಡಿತಕ್ಕೆ ಬಂದರೆ, ಎದೆಬಡಿತದ ಕಾವು ಎರಡನೇ ಕಾಲಕ್ಕೆ ಒದಗುತ್ತದೆ. ಆ ಚುರುಕು ಮನೆಯಲ್ಲಿ ಬರುವಂಥದ್ದಲ್ಲ.

ವರ್ಣ ಆದಮೇಲೆ ಚಿಕ್ಕದೊಂದು ಕೃತಿ. ಆಲಾಪನೆ, ಕಲ್ಪನಾಸ್ವರ, ಹೀಗೆ ಸ್ಥಳದಲ್ಲೇ ಹುಟ್ಟಿಸಿ ಹಾಡುವ ಮನೋಧರ್ಮವೆಲ್ಲ ಮೂರನೆಯದಕ್ಕೆ. ಚರಣದ ಸಾಹಿತ್ಯ ಮರೆತರೆ ನೇರ ಪಲ್ಲವಿಗೆ ಬಾ. ಪಕ್ಕವಾದ್ಯದವರಿಗೆ ಇದನ್ನು ಮೊದಲೇ ಹೇಳಿಡು.
– ಸಂಗೀತ ಶಿಕ್ಷಕಿ, ಕುವೆಂಪುನಗರ, ಮೈಸೂರು

ಮೇಲಿನ ಕ್ರಮಕ್ಕೆ ಮನಶ್ಶಾಸ್ತ್ರದ ಬೆಂಬಲವೂ ಇದೆ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಇಲಿಗಳ ಮೇಲೆ ಪ್ರಯೋಗ ನಡೆಸಿದರು. ಸುಲಭದ ಕೆಲಸಕ್ಕೆ ಹೆಚ್ಚಿನ ಉದ್ರೇಕ ಅಡ್ಡಿಯಾಗಲಿಲ್ಲ, ಕಷ್ಟದ ಕೆಲಸವನ್ನು ಅದು ಕೆಡಿಸಿತು. ಬೆರಳ ತುದಿಯಲ್ಲಿರುವ ವರ್ಣ ಮೊದಲು, ಮನೋಧರ್ಮ ಆಮೇಲೆ ಎನ್ನುವುದು ಸರಿಯಾದದ್ದು ಅದಕ್ಕೇ.

‘ಶಾಂತವಾಗಿರು’ ಎನ್ನುವವರ ಮಾತಿಗೆ ಹೆಚ್ಚು ಕಿವಿಗೊಡಬೇಡಿ. ಏರಿದ ಎದೆಬಡಿತವನ್ನು ಐದು ನಿಮಿಷದಲ್ಲಿ ಇಳಿಸುವುದು ಕಷ್ಟ; ಅದರ ಹೆಸರು ಬದಲಿಸುವುದು ಸುಲಭ, ಏಕೆಂದರೆ ಭಯಕ್ಕೂ ಹುರುಪಿಗೂ ದೇಹ ತೋರುವ ಲಕ್ಷಣ ಹೆಚ್ಚುಕಡಿಮೆ ಒಂದೇ. ಅಮೆರಿಕದ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಡುವ ಮುನ್ನ ‘ನನಗೆ ಉತ್ಸಾಹ ಬಂದಿದೆ’ ಎಂದು ಗಟ್ಟಿಯಾಗಿ ಹೇಳಿಕೊಂಡವರು ‘ನನಗೆ ಆತಂಕ’ ಎಂದವರಿಗಿಂತ ಸ್ವರ, ಲಯ ತಪ್ಪದೆ ಹಾಡಿದರು. ನಮ್ಮಲ್ಲಿ ‘ಹುರುಪು ಬಂದಿದೆ’ ಅಂದರೆ ಸಾಕು. ಮನಸ್ಸಿನಲ್ಲಲ್ಲ, ಬಾಯಿಬಿಟ್ಟು.
– ಉಪನ್ಯಾಸಕ, ಸರಸ್ವತಿಪುರಂ, ಮೈಸೂರು

ಅಡ್ರಿನಲಿನ್ ಏರಿದಾಗ ಚರ್ಮದ ರಕ್ತನಾಳ ಸಂಕುಚಿಸಿ ಕೈ ತಣ್ಣಗಾಗುತ್ತದೆ. ನೀವು ಹೇಳಿದ ಮೂರೂ ಕಾಯಿಲೆಯ ಲಕ್ಷಣಗಳಲ್ಲ. ಬಾಯಿಗೆ ಬಿಸಿನೀರು, ಗುಟುಕು ಗುಟುಕಾಗಿ. ಲೋಟಗಟ್ಟಲೆ ಕುಡಿದರೆ ಅರ್ಧ ಕಛೇರಿಗೆ ಶೌಚಾಲಯ ನೆನಪಾಗುತ್ತದೆ. ಕೆಫೀನ್ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು, ಸಂಜೆ ಕಛೇರಿಯಾದರೆ ಫಿಲ್ಟರ್ ಕಾಫಿ ಬೆಳಿಗ್ಗೆಗೇ ಮುಗಿಯಲಿ. ನಡುಕ ನಿಲ್ಲಿಸಲು ಯಾರೋ ಕೊಟ್ಟ ಪ್ರೊಪ್ರನಲಾಲ್ ಮಾತ್ರೆ ನುಂಗಬೇಡಿ; ಅಸ್ತಮಾ ಇರುವವರಿಗೆ ಅದು ಅಪಾಯ. ಭಯದಿಂದ ವಾರಗಟ್ಟಲೆ ಊಟ, ನಿದ್ದೆ ಕೆಟ್ಟರೆ ಮಾತ್ರ ವೈದ್ಯರನ್ನು ಕಾಣಿ.
– ವೈದ್ಯೆ, ಮಂಡ್ಯ

ನೋಡವ್ವಾ, ಹೆದರಿದೋರು ಮೈಕಿಂದ ಹಿಂದಕ್ಕೆ ಸರೀತಾರೆ. ದನಿ ಕೇಳಿಸ್ತಿಲ್ಲ ಅಂತ ಗಂಟಲು ಹರ್ಕೊಂಡು ಹಾಡ್ತಾರೆ, ಅರ್ಧ ಗಂಟೆಗೆ ಗಂಟಲು ಕಟ್ಕೊಳ್ತದೆ. ಬಾಯಿಗೂ ಮೈಕಿಗೂ ಒಂದು ಗೇಣು ಬಿಟ್ಟು ಕೂತ್ಕೊ, ಅಲ್ಲಾಡಬ್ಯಾಡ. ಒಂದು ಗಂಟೆ ಮುಂಚೆ ಹೋಗಿ ವರ್ಣದ ನಾಕು ಸಾಲು ಪೂರ್ತಿ ದನೀಲಿ ಹಾಡು. ‘ಹಲೋ ಹಲೋ’ ಅಂದ್ರೆ ನಮಗೇನೂ ಗೊತ್ತಾಗಲ್ಲ ಕಣವ್ವಾ. ನಿನ್ನ ಕಡೆ ತಿರುಗಿರೋ ಮಾನಿಟರ್‌ನಲ್ಲಿ ತಂಬೂರಿ ಜಾಸ್ತಿ, ಮೃದಂಗ ಕಮ್ಮಿ ಇಡು ಅಂತ ಬಾಯಿಬಿಟ್ಟು ಕೇಳು. ಕೇಳದಿದ್ರೆ ಯಾರೂ ಇಡಲ್ಲ.
– ಧ್ವನಿವರ್ಧಕದ ಕೆಲಸದವನು, ಮದ್ದೂರು