ಯೋಚನೆ ಗಮನಿಸೋಕೆ ಕೂತರೆ ಯೋಚನೆನೇ ಜಾಸ್ತಿ ಆಗುತ್ತೆ, ಎಲ್ಲಿ ತಪ್ಪುತ್ತಿದೆ?

ಸರಸ್ವತಿಪುರಂ_5ನೇಮೇನ್:
ಮೂರು ವಾರದಿಂದ ದಿನಾ ಬೆಳಿಗ್ಗೆ 30 ನಿಮಿಷ, ಕಣ್ಣು ಮುಚ್ಚಿ, ಬಂದ ಯೋಚನೆಯನ್ನು ಸುಮ್ಮನೆ ನೋಡುವ ಅಭ್ಯಾಸ. ಮನಸ್ಸು ಹೊಸದಾಗುತ್ತೆ ಅಂತಾರೆ, ಏಳುವಾಗ ನೋಡಿದರೆ ತಲೆ ಭಾರ. ಒಂದು ಯೋಚನೆ ಹಿಂದೆ ಹೋದರೆ ಹತ್ತು ನಿಮಿಷ ನಾಪತ್ತೆ. ಬೇಡದ್ದನ್ನು ತಳ್ಳಿದಷ್ಟೂ ಅದೇ ಬರುತ್ತೆ. ಇಲ್ಲೇ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುತ್ತಾ ಮಾಡಿದರೆ ಆಗುತ್ತಾ?

ಉಸಿರುಲೆಕ್ಕ:
ಶುರುವಿಗೇ 30 ನಿಮಿಷ ಜಾಸ್ತಿ ಆಯ್ತು, 10 ಸಾಕು. ನೇರ ಯೋಚನೆ ನೋಡೋಕೂ ಹೋಗಬೇಡಿ. ಮೊದಲ ಮೂರು ನಿಮಿಷ ಹೊರಗೆ ಹೋಗುವ ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಿ, ಮತ್ತೆ ಒಂದರಿಂದ. ಲೆಕ್ಕ ತಪ್ಪಿದರೆ ಒಂದಕ್ಕೆ ಬನ್ನಿ. ಈ ಗೂಟ ಇಲ್ಲದೆ ಯೋಚನೆ ನೋಡ್ತೀನಿ ಅಂದರೆ ಬಿಚ್ಚಿಬಿಟ್ಟ ಕರುವಿನ ಹಿಂದೆ ಓಡಿದ ಹಾಗೆ.

ಆಮೇಲೆ ಬಂದ ಯೋಚನೆಗೆ ಒಂದೇ ಪದದ ಹೆಸರಿಡಿ: ನೆನಪು, ಲೆಕ್ಕ, ಚಿಂತೆ, ಜಗಳ. 'ಸಿಲಿಂಡರ್ ಇವತ್ತು ಬರುತ್ತಾ' ಅಂತ ಬಂತು ಅಂದುಕೊಳ್ಳಿ. 'ಚಿಂತೆ' ಅನ್ನಿ, ಅಷ್ಟೇ. ಬುಕ್ ಮಾಡಿದ್ದು ಯಾವತ್ತು, ಹೋದ ಸಲ ಎಷ್ಟು ದಿನ ಆಯ್ತು ಅನ್ನೋದೆಲ್ಲ ಎರಡನೇ, ಮೂರನೇ ಯೋಚನೆ, ಕರಕೊಂಡು ಹೋಗೋದು ಅವೇ. ಹೆಸರಿಟ್ಟ ಮೇಲೆ ದವಡೆ ಬಿಗಿದಿದೆಯಾ, ಭುಜ ಮೇಲೆದ್ದಿದೆಯಾ ನೋಡಿ, ಸಡಿಲಿಸಿ, ಉಸಿರಿಗೆ ವಾಪಸ್.

ಹತ್ತು ನಿಮಿಷ ಹೋಯ್ತು ಅಂತ ಬೇಜಾರು ಬೇಡ. 'ಅಯ್ಯೋ, ಎಲ್ಲೋ ಹೋಗಿದ್ದೆ' ಅಂತ ಗೊತ್ತಾಗುತ್ತಲ್ಲ, ಎಚ್ಚರ ಬಂದಿರೋದೇ ಆಗ. ಅಲ್ಲಿ ತನ್ನನ್ನೇ ಬೈದುಕೊಳ್ಳೋದು ದೊಡ್ಡ ತಪ್ಪು. ಬೈದರೆ ಅದಕ್ಕೂ 'ಬೈಗುಳ' ಅಂತ ಹೆಸರಿಡಿ.

ಹಳೇಹೊತ್ತಗೆ:
ತಳ್ಳಿದಷ್ಟೂ ಬರೋದು ನಿಮ್ಮ ಒಬ್ಬರ ದೋಷ ಅಲ್ಲ ಬಿಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು 1987ರಲ್ಲಿ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಬಿಳಿ ಕರಡಿಯನ್ನು ನೆನೆಯಬೇಡಿ ಅಂದರೆ ಅದೇ ಬರುತ್ತೆ, ತಡೆ ತೆಗೆದ ಮೇಲೆ ಇನ್ನೂ ಜೋರಾಗಿ. ಬಂದಿಲ್ಲ ತಾನೇ ಅಂತ ಕಾವಲು ಕಾಯೋಕೂ ಮನಸ್ಸು ಅದನ್ನೇ ನೆನೆಯಬೇಕಲ್ಲ!

ಪತಂಜಲಿಯ ಯೋಗಸೂತ್ರದಲ್ಲಿ ಬರುವ 'ಚಿತ್ತವೃತ್ತಿ ನಿರೋಧ'ವನ್ನು, ಅಂದರೆ ಮನಸ್ಸಿನ ಅಲೆಗಳು ನಿಲ್ಲುವುದನ್ನು, ಬಲವಂತದ ತಡೆ ಅಂತ ಓದೋರು ಬಹಳ. ಅದಕ್ಕೆ ಉಪಾಯ ಅಭ್ಯಾಸ ಮತ್ತು ವೈರಾಗ್ಯ ಅಂತ ಮೊದಲ ಪಾದದ (ಅಧ್ಯಾಯದ) 12ನೇ ಸೂತ್ರದಲ್ಲೇ ಇದೆ. ಇಲ್ಲಿ ವೈರಾಗ್ಯ ಅಂದರೆ ಯೋಚನೆಗೆ ಮೇವು ಹಾಕದಿರುವುದು ಅಂತ ಇಟ್ಟುಕೊಳ್ಳಿ. ಕೆಟ್ಟ ಯೋಚನೆಗೆ ಎದುರಾದ ಒಳ್ಳೆಯದನ್ನು ತರುವ 'ಪ್ರತಿಪಕ್ಷ ಭಾವನ' ಬೇರೆ ವಿಧಾನ, ಒಂದೇ ಸಲ ಕೂತಾಗ ಎರಡನ್ನೂ ಕಲಸಬೇಡಿ.

ಸಾವಿರಮೆಟ್ಟಿಲು:
ನಡಿಗೆಯಲ್ಲೂ ಆಗುತ್ತೆ. ಆದರೆ ಬೆಳಿಗ್ಗೆ ಕೆರೆ ಹತ್ತಿರ ಜನ ಜಾಸ್ತಿ, ಎದುರಿಗೆ ಪರಿಚಯದವರು ಸಿಕ್ಕರೆ ಮುಗೀತು. ಮನೆ ಮಹಡಿ ಮೇಲೇ 20 ಹೆಜ್ಜೆ ಆ ಕಡೆ, 20 ಈ ಕಡೆ ಮಾಡಿ. ಹಿಮ್ಮಡಿ ಊರುವುದು, ಬೆರಳು ಎತ್ತುವುದು ಎರಡೇ ಗಮನಿಸಿ. ಚಾಮುಂಡಿ ಬೆಟ್ಟ ಹತ್ತೋದಿದ್ದರೆ ದೊಡ್ಡ ನಂದಿ ಹತ್ತಿರ ಏದುಸಿರು ಇಳಿಯುವವರೆಗೆ ನಿಂತು ಆಮೇಲೆ ಯೋಚನೆ ನೋಡಿ. ಇಳಿಯುವಾಗ ಈ ಪ್ರಯೋಗ ಬೇಡ, ಮೆಟ್ಟಿಲ ಮೇಲೆ ಕಣ್ಣಿರಲಿ. ಕೋತಿಗಳ ಮೇಲೂ.

ಸರಸ್ವತಿಪುರಂ_5ನೇಮೇನ್:
ಎಲ್ಲರಿಗೂ ಥ್ಯಾಂಕ್ಸ್. ತಲೆ ಭಾರ ಯಾಕೆ ಅಂತ ಯಾರೂ ಹೇಳಲಿಲ್ಲ.

ಉಸಿರುಲೆಕ್ಕ:
ಹುಬ್ಬಿನ ನಡುವೆ ಬಿಗಿಹಿಡಿದು ನೋಡ್ತಿದ್ದೀರಿ ಅನ್ನಿಸುತ್ತೆ. ಗಮನವನ್ನು ಹೊಟ್ಟೆಯ ಏರಿಳಿತಕ್ಕೆ ಇಳಿಸಿ. ಗೊತ್ತಿಲ್ಲದೆ ಉಸಿರು ಕಟ್ಟೋದೂ ಕಾರಣ ಆಗಬಹುದು. ಮುದ್ದೆ ಉಂಡ ತಕ್ಷಣ ಕೂತರೆ ನಿದ್ದೆ, ಅದಕ್ಕೆ ಊಟಕ್ಕೆ ಮುಂಚೆ. ಮೂರು ವಾರಕ್ಕೇ ತೀರ್ಮಾನ ಬೇಡ. ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ, ಹೀಗೇ ಸುಮ್ಮನೆ ಗಮನಿಸೋದನ್ನು ಕಲಿಸುವ 'ಮೈಂಡ್‌ಫುಲ್‌ನೆಸ್' ತರಬೇತಿಯೇ 8 ವಾರದ್ದು.

ಕೂತಾಗ ಎದೆ ಡವಡವ, ಹಳೆಯ ಆಘಾತ ಕಣ್ಣಮುಂದೆ ಬರೋದು, ರಾತ್ರಿ ನಿದ್ದೆ ಬಾರದಿರೋದು ಇದ್ದರೆ ಮುಂದುವರಿಸಬೇಡಿ. ಕಣ್ಣು ಬಿಟ್ಟು, ಪಾದ ನೆಲಕ್ಕೂರಿ, ಸುತ್ತ ಕಾಣುವ ಐದು ವಸ್ತುಗಳ ಹೆಸರು ಹೇಳಿ. ಮತ್ತೆ ಮತ್ತೆ ಆದರೆ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡ್ತಾರೆ.