ಗುಳಿಗೆ ಚೀಟಿಯ ಕನ್ನಡ: ‘ಬಾಯಾರಿಕೆ’ಯೋ, ‘ಬಾಯಿ ಒಣಗುವುದೋ’?

ಎಲ್ಲರಿಗೂ ನಮಸ್ಕಾರ.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ನಮ್ಮ ಅವ್ವನಿಗೆ 68 ವರ್ಷ. ಒಂದು ವರ್ಷದಿಂದ ಮೂತ್ರದ ತೊಂದರೆ. ಬಂತು ಅನ್ನಿಸಿದ ಮೇಲೆ ಬಚ್ಚಲಿಗೆ ಹೋಗುವಷ್ಟೂ ಪುರುಸೊತ್ತು ಸಿಗುವುದಿಲ್ಲ. ವಿಜಯಪುರದ ತವರಿಗೆ ಬಸ್ಸಿನಲ್ಲಿ ಹೋಗುವುದನ್ನೇ ಬಿಟ್ಟಿದ್ದಳು. “ಕೊಲ್ಹಾರ ಬರೂತನಕ ತಡಿಯಾಕ ಆಗೂದಿಲ್ಲೋ ತಮ್ಮಾ” ಅನ್ನುತ್ತಿದ್ದಳು. ವೈದ್ಯರು ಪರೀಕ್ಷೆ ಮಾಡಿಸಿ, ಸೋಂಕಿಲ್ಲ, ಸಕ್ಕರೆಯೂ ಇಲ್ಲ, ಇದು ‘ಓವರ್‌ಆ್ಯಕ್ಟಿವ್ ಬ್ಲ್ಯಾಡರ್’, ಅಂದರೆ ತುಂಬುವ ಮೊದಲೇ ಮೂತ್ರಕೋಶ ಹಿಂಡುವ ತೊಂದರೆ ಎಂದರು. ಸಾಲಿಫೆನಾಸಿನ್ 5 ಮಿ.ಗ್ರಾಂ ಬರೆದುಕೊಟ್ಟರು. ಗುಳಿಗೆಯ ಜೊತೆ ಬಂದ ಹಾಳೆಯಲ್ಲಿ ಕನ್ನಡ ಒಂದಕ್ಷರ ಇರಲಿಲ್ಲ. ನಾನೇ ದೊಡ್ಡ ಅಕ್ಷರದಲ್ಲಿ ಕನ್ನಡ ಮಾಡಿ ಅಡುಗೆಮನೆ ಗೋಡೆಗೆ ಅಂಟಿಸಿದೆ. ಅಲ್ಲಿ ಬಳಸಿದ ಕೆಲವು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಿದೆ.

ಮೊದಲನೆಯದು ‘ಬಾಯಾರಿಕೆ’. “ಈ ಗುಳಿಗೆಯಿಂದ ಬಾಯಾರಿಕೆ ಆಗಬಹುದು” ಎಂದು ಬರೆದಿದ್ದೆ. ಅವ್ವ ಓದಿದಳು, ಹೌದು ಅಂದಳು. ವಾರ ಕಳೆಯುವುದರೊಳಗೆ ಮಂಚದ ಪಕ್ಕ ತುಂಬಿದ ತಂಬಿಗೆ ಬಂತು. ರಾತ್ರಿ ಎರಡು ಸಲ ಏಳುತ್ತಿದ್ದವಳು ನಾಲ್ಕು ಸಲ ಏಳತೊಡಗಿದಳು. ಯಾಕವ್ವಾ ಅಂದರೆ, “ನೀನ ಬರದೀಯಲ್ಲ, ನೀರಡಿಕಿ ಆಕ್ಕೇತಿ ಅಂತ. ಅದಕ್ಕ ಕುಡೀತೇನಿ” ಅಂದಳು.

ಆರು ಅಂದರೆ ಒಣಗು. ಬಟ್ಟೆ ಆರಿತು ಅನ್ನುತ್ತೇವಲ್ಲ, ಅದೇ. ಹಾಗೆ ನೋಡಿದರೆ ‘ಬಾಯಾರಿಕೆ’ಯ ಮೂಲದಲ್ಲಿ ಇರುವುದು ಬಾಯಿ ಒಣಗುವುದೇ. ಆದರೆ ಬಳಕೆಯಲ್ಲಿ ಅದು ನೀರು ಬೇಕೆನ್ನುವ ಆಸೆಯಾಗಿಬಿಟ್ಟಿದೆ. ಈ ಗುಳಿಗೆಯಿಂದ ಆಗುವುದು ಆ ಆಸೆಯಲ್ಲ. ಮೂತ್ರಕೋಶದ ಸ್ನಾಯುವಿಗೆ ‘ಹಿಂಡು’ ಎಂದು ನರಗಳು ಕೊಡುವ ಸಂದೇಶವನ್ನು ಗುಳಿಗೆ ತಡೆಯುತ್ತದೆ. ಜೊಲ್ಲು, ಬೆವರು, ಕರುಳಿನ ಕೆಲಸವೂ ಅದೇ ಬಗೆಯ ಸಂದೇಶದಿಂದ ನಡೆಯುವುದರಿಂದ ಬಾಯಿ ಒಣಗುತ್ತದೆ, ಮಲ ಗಟ್ಟಿಯಾಗುತ್ತದೆ, ಬೆವರು ಕಡಿಮೆಯಾಗುತ್ತದೆ. ಮೈಗೆ ನೀರು ಸಾಲದೇ ಬಾಯಿ ಒಣಗಿದ್ದಲ್ಲ. ಅದಕ್ಕೇ ತಂಬಿಗೆಗಟ್ಟಲೆ ಕುಡಿದರೂ ಬಾಯಿ ಹಾಗೇ ಇರುತ್ತದೆ, ಮೂತ್ರ ಮಾತ್ರ ಜಾಸ್ತಿಯಾಗುತ್ತದೆ.

ನಮ್ಮ ಕಡೆ ಈ ಎರಡಕ್ಕೂ ಬೇರೆ ಬೇರೆ ಮಾತಿದೆ: ನೀರಡಿಕೆ ಬೇರೆ, ಬಾಯಿ ಒಣಗುವುದು ಬೇರೆ. ಅಷ್ಟು ಚೊಕ್ಕ ಮಾತು ಮನೆಯಲ್ಲೇ ಇದ್ದಾಗ ನಾನು ಪುಸ್ತಕದ ಪದ ಹುಡುಕಿದೆ. ಈಗ ತಿದ್ದಿ ಬರೆದಿದ್ದೇನೆ: “ಬಾಯಿ ಒಣಗಿದರೆ ಒಂದು ಗುಟುಕಿನಿಂದ ಬಾಯಿ ಒದ್ದೆ ಮಾಡಿಕೊ. ನೀರಡಿಕೆಯಾದರೆ ಕುಡಿ.” ಎರಡನೆಯ ಮಾತನ್ನು ಬೇಕೆಂದೇ ಸೇರಿಸಿದೆ. ಮೂತ್ರಕ್ಕೆ ಹೆದರಿ ನೀರನ್ನೇ ಬಿಡುವವರಿದ್ದಾರೆ. ಬೆವರು ಕಡಿಮೆ ಮಾಡುವ ಗುಳಿಗೆ ನುಂಗಿ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ನೀರನ್ನೂ ಬಿಟ್ಟರೆ ಏನಾದೀತು, ನೀವೇ ಹೇಳಿ.

ಎರಡನೆಯದು ‘ಸೇವಿಸಿ’. ಮಲಬದ್ಧತೆ ತಾಳಲಾರದೆ ಹೋದಾಗ ವೈದ್ಯರು ಗುಳಿಗೆ ಬದಲಿಸಿ ಮಿರಾಬೆಗ್ರಾನ್ 25 ಮಿ.ಗ್ರಾಂ ಕೊಟ್ಟರು. ಇದರಿಂದ ಬಾಯಿ ಅಷ್ಟು ಒಣಗುವುದಿಲ್ಲ, ಆದರೆ ರಕ್ತದೊತ್ತಡ ಏರಬಹುದು, ಆಗಾಗ ನೋಡಿಸಬೇಕು ಅಂದರು. ನಾನು “ದಿನಕ್ಕೊಂದು ಸೇವಿಸಿ” ಎಂದು ಬರೆದೆ. ಅವ್ವ ಅದನ್ನು ಎರಡು ಚಮಚದ ನಡುವೆ ಒತ್ತಿ ಪುಡಿ ಮಾಡಿ, ಬೆಲ್ಲದ ನೀರಿಗೆ ಹಾಕಿ ಕದಡುತ್ತಿದ್ದಳು. ಅದು ದಿನವಿಡೀ ಸ್ವಲ್ಪಸ್ವಲ್ಪವೇ ಬಿಡುವಂತೆ ಮಾಡಿದ ಗುಳಿಗೆ. ಮುರಿಯಬಾರದು, ಅಗಿಯಬಾರದು, ಪುಡಿ ಮಾಡಬಾರದು. ‘ಸೇವಿಸು’ ಎಂಬುದರಲ್ಲಿ ಹೇಗೆ ಎನ್ನುವುದೇ ಇಲ್ಲ, ಅಲ್ವಾ? ಗಾಳಿಯನ್ನೂ ಸೇವಿಸುತ್ತೇವೆ, ಊಟವನ್ನೂ ಸೇವಿಸುತ್ತೇವೆ. ‘ಇಡಿಯಾಗಿ ನುಂಗು’ ಎಂದರೆ ಮುಗಿಯಿತು.

ಮೂರನೆಯದರ ಬಗ್ಗೆ ನನಗೆ ಹೆಚ್ಚು ಚಿಂತೆ. ನಮ್ಮ ಓಣಿಯಲ್ಲಿ ಇದನ್ನು ‘ಉಚ್ಚಿ ನಿಲ್ಲೂ ಗುಳಗಿ’ ಅನ್ನುತ್ತಾರೆ. ಒಂದು ದಿನ ಅವ್ವ ಕೇಳಿದಳು: “ಪೂರಾ ನಿಂತರ ಗುಣಾ ಆತು ಅಂತ ತಿಳೀಬೇಕೇನೋ?” ನನಗೆ ಎದೆ ಧಸಕ್ ಎಂದಿತು. ಮೂತ್ರ ಬರಬೇಕೆನ್ನಿಸಿಯೂ ಬಾರದೆ ಕಟ್ಟಿಕೊಂಡರೆ ಅದು ಗುಣವಲ್ಲ, ತಡಮಾಡದೆ ವೈದ್ಯರ ಹತ್ತಿರ ಓಡಬೇಕಾದ ಸಂಗತಿ. ಗುಳಿಗೆ ಮಾಡುವುದು ಅವಸರವನ್ನು ತಗ್ಗಿಸುವ ಕೆಲಸ, ಅದೂ ಕೆಲವು ವಾರ ಹಿಡಿಯುತ್ತದೆ. ಚೀಟಿಯಲ್ಲಿ ‘ನಿಲ್ಲು’, ‘ತಡೆ’ ಎರಡನ್ನೂ ಹೊಡೆದುಹಾಕಿದ್ದೇನೆ. ‘ಕಟ್ಟು’ ಎಂಬ ಪದವನ್ನು ಅಪಾಯಕ್ಕೆ ಮಾತ್ರ ಉಳಿಸಿಕೊಂಡಿದ್ದೇನೆ: “ಮೂತ್ರ ಕಟ್ಟಿದರೆ ಕೂಡಲೇ ನನಗೆ ಹೇಳು.”

ಇನ್ನು ಕಾಯಿಲೆಯ ಹೆಸರು. ಗೆಳೆಯರೊಬ್ಬರು ‘ಬಹುಮೂತ್ರ’ ಎನ್ನಿ ಎಂದರು. ನನಗೆ ಒಪ್ಪಿಗೆಯಿಲ್ಲ. ಬಹುಮೂತ್ರ ಎಂದರೆ ಮೂತ್ರವೇ ಹೆಚ್ಚು ಹೋಗುವುದು. ಅದನ್ನು ಕೇಳಿದರೆ ಜನ ಸಕ್ಕರೆ ಕಾಯಿಲೆ ಅಂದುಕೊಳ್ಳುತ್ತಾರೆ. ಇಲ್ಲಿ ಹೋಗುವುದು ಸ್ವಲ್ಪವೇ. ಚೀಲ ತುಂಬುವ ಮೊದಲೇ ಸ್ನಾಯು ಹಿಂಡುತ್ತದೆ, ಅಷ್ಟೆ. ‘ಅತಿಸಕ್ರಿಯ ಮೂತ್ರಕೋಶ’ ಎಂದು ಓದಿದಾಗ ಅವ್ವ, “ಛಲೋ ಕೆಲಸಾ ಮಾಡಾಕತ್ತೇತಿ ಅಂತನಾ?” ಅಂದಳು. ಸಕ್ರಿಯ ಎಂಬುದು ನಮ್ಮ ಬಳಕೆಯಲ್ಲಿ ಹೊಗಳಿಕೆ ತಾನೆ. ‘ಮೂತ್ರ ಸೋರುವ ತೊಂದರೆ’ ಎನ್ನಲೂ ಆಗದು, ಎಲ್ಲರಿಗೂ ಸೋರುವುದಿಲ್ಲ.

ಸದ್ಯ ನಾನು ‘ಮೂತ್ರದ ಅವಸರ’ ಎಂದು ಬರೆದಿದ್ದೇನೆ. ಮನೆಯಲ್ಲಿ ‘ಏಕಿ ಅವಸರ’ ಅನ್ನುತ್ತೇವೆ, ಅವ್ವನಿಗೆ ಅದೇ ಸಲೀಸು. ಬೆಳಗಾವಿ ಕಡೆಯವರು ‘ಲಘವಿ’ ಅನ್ನುವುದನ್ನು ಕೇಳಿದ್ದೇನೆ. ನಿಮ್ಮೂರಿನ ಹಿರಿಯರಿಗೆ ‘ಅವಸರ’ ಎಂದರೆ ಇದೇ ಅರ್ಥ ಹೊಳೆಯುತ್ತದಾ, ಅಥವಾ ಸುಮ್ನೆ ಗಡಿಬಿಡಿ ಎಂದಷ್ಟೇ ಆಗುತ್ತದಾ? ತೆಂಕಣದವರು ‘ನೀರಡಿಕೆ’ಗೂ ‘ಬಾಯಿ ಒಣಗುವುದಕ್ಕೂ’ ವ್ಯತ್ಯಾಸವನ್ನು ಹೇಗೆ ಹೇಳುತ್ತೀರಿ? ಪಕ್ಕದ ಮನೆಯ ಅಜ್ಜಿಯೂ ಇಂಥದೇ ಒಂದು ಚೀಟಿ ಬರೆದುಕೊಡು ಎಂದು ಕೇಳಿದ್ದಾರೆ. ನಿಮ್ಮ ಉತ್ತರ ನೋಡಿಕೊಂಡೇ ಬರೆಯುತ್ತೇನೆ.